ಈ ಕ್ವೆರೀನ ಕ್ಯಾಶ್ ಮಾಡ್ಬೇಕಾ, ಬೇಡ್ವಾ?

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಡೇಟಾಬೇಸ್ ಸ್ಲೋ ಆಗಿದೆ, ಕ್ಯಾಶ್ ಹಾಕ್ಲಾ ಅನ್ನೋದ್ರ ಬಗ್ಗೆನೇ, ಅದಕ್ಕೆ ಅವನ್ನೆಲ್ಲ ಒಟ್ಟಿಗೆ ತಗೊಂಡಿದೀನಿ. ಹೊಸಬರಿಗೆ: ಕ್ವೆರಿ ಅಂದ್ರೆ ಡೇಟಾಬೇಸಿಗೆ ಕೇಳೋ ಪ್ರಶ್ನೆ, ಕ್ಯಾಶ್ ಅಂದ್ರೆ ಒಂದ್ಸಲ ಬಂದ ಉತ್ತರಾನ ಮತ್ತೆ ಬೇಗ ಕೊಡೋಕೆ ಅಂತ ಹತ್ರ ಇಟ್ಕೊಳ್ಳೋದು. ಮೊದಲ್ನೇ ಉತ್ತರ ಉದ್ದ ಇದೆ, ಮಿಕ್ಕವರೂ ಅದನ್ನ ಓದ್ಕೊಳ್ಳಿ, ಯಾಕಂದ್ರೆ ಮುಂದಿನ ಉತ್ತರಗಳಲ್ಲಿ ಅದನ್ನೇ ಮತ್ತೆ ಹೇಳಿಲ್ಲ.

ಪ್ರಶ್ನೆ, ಶಿರಸಿಯಿಂದ: ನಮಸ್ಕಾರ ಸರ್. ಅಡಿಕೆ ಮಾರ್ಕೆಟ್ ರೇಟ್ ತೋರ್ಸೋ ಒಂದು ಸಣ್ಣ ವೆಬ್‌ಸೈಟ್ ಮಾಡಿದೀನಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ, ಶಿವಮೊಗ್ಗ ಹೀಗೆ 20 ಮಾರ್ಕೆಟ್ಟಿಂದು, ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಲ್ಲಾ ಬೇರೆ ಬೇರೆ. ಲಾರಾವೆಲ್ (ಪಿಎಚ್‌ಪಿ ಫ್ರೇಮ್‌ವರ್ಕ್) ಮತ್ತೆ ಮೈಎಸ್‌ಕ್ಯೂಎಲ್ (ಡೇಟಾಬೇಸ್). ಟೇಬಲ್‌ನಲ್ಲಿ ಈಗ 9 ಲಕ್ಷ ರೋ (ಸಾಲು) ಆಗಿದೆ. ಮೊದ್ಲು ಚೆನ್ನಾಗಿತ್ತು, ಈಗ ಮುಖಪುಟ ಓಪನ್ ಆಗೋಕೇ ಆರು ಸೆಕೆಂಡ್ ಬೇಕು. ನನ್ನ ಫ್ರೆಂಡು, ರೆಡಿಸ್ ಹಾಕು, ಎಲ್ಲಾ ಕ್ವೆರಿನೂ ಒಂದು ಗಂಟೆ ಕ್ಯಾಶ್ ಮಾಡು, ಮುಗೀತು ಅಂತಿದಾನೆ. ಮಾಡ್ಲಾ? ಕೋಡ್ ಕಳ್ಸಿದೀನಿ.

ಉತ್ತರ: ಸದ್ಯಕ್ಕೆ ಬೇಡ. ರೆಡಿಸ್ ಅಂದ್ರೆ ಡೇಟಾನ ಮೆಮೊರೀಲಿ ಇಟ್ಕೊಂಡು ಬೇಗ ಕೊಡೋ ಸಾಫ್ಟ್‌ವೇರ್, ಅದನ್ನ ಹಾಕಿದ್ರೆ ಪೇಜು ಫಾಸ್ಟ್ ಆಗೋದು ನಿಜ, ಆದ್ರೆ ಗಂಟೆಗೊಂದ್ಸಲ ಕ್ಯಾಶ್ ಖಾಲಿ ಆದಾಗ ಬರೋರಿಗೆ ಅದೇ ಆರು ಸೆಕೆಂಡ್ ಕಾಯೋದು ತಪ್ಪಲ್ಲ, ಅದ್ರ ಮೇಲೆ ಟೆಂಡರ್ ಮುಗ್ದು ನೀವು ಹೊಸ ರೇಟ್ ಹಾಕಿದ್ಮೇಲೂ ಒಂದು ಗಂಟೆ ತನಕ ಹಳೇ ರೇಟೇ ಕಾಣ್ತಿರತ್ತೆ. ಚೀಲ ಗಾಡಿಗೆ ಹಾಕ್ಬೇಕಾ, ಇನ್ನೊಂದು ವಾರ ಮನೇಲೇ ಇಟ್ಕೋಬೇಕಾ ಅಂತ ಫೋನ್ ನೋಡ್ತಾ ಕೂತಿರೋ ಬೆಳೆಗಾರರಿಗೆ ಅದು ಸಣ್ಣ ವಿಷ್ಯ ಅಲ್ಲ.

ನಿಮ್ಮ ಕೋಡ್ ನೋಡ್ದೆ. ಮುಖಪುಟದಲ್ಲಿ 20 ಮಾರ್ಕೆಟ್ ಮೇಲೆ ಒಂದು ಲೂಪ್ ಇದೆ, ಒಳಗೆ ಪ್ರತಿ ಮಾರ್ಕೆಟ್‌ಗೂ ಒಂದು ಕ್ವೆರಿ: ಮಾರ್ಕೆಟ್ ಇಂಥದ್ದು, ಬಗೆ ರಾಶಿ, ದಿನಾಂಕದ ಮೇಲೆ ಇಳಿಕೆ ಕ್ರಮದಲ್ಲಿ ಸಾರ್ಟ್ ಮಾಡಿ ಮೊದಲ್ನೇದನ್ನ ಕೊಡು. ಈ ಕ್ವೆರಿ ಮುಂದೆ ಎಕ್ಸ್‌ಪ್ಲೇನ್ ಅಂತ ಸೇರ್ಸಿ ಒಂದ್ಸಲ ಓಡ್ಸಿ, ಡೇಟಾಬೇಸ್ ಆ ಕ್ವೆರೀನ ಹೇಗೆ ಓಡ್ಸತ್ತೆ ಅಂತ ಅದು ತೋರ್ಸತ್ತೆ. ನೀವು ಕಳ್ಸಿರೋ ಟೇಬಲ್ ರಚನೆ ಪ್ರಕಾರ ಐಡಿ ಬಿಟ್ರೆ ಬೇರೆ ಇಂಡೆಕ್ಸೇ (ಪುಸ್ತಕದ ಕೊನೆಯ ಪದಸೂಚಿ ಥರ, ರೋ ಬೇಗ ಹುಡುಕೋಕೆ ಇರೋದು) ಇಲ್ಲ, ಹಾಗಾಗಿ ಟೈಪ್ ಅನ್ನೋ ಕಾಲಂನಲ್ಲಿ ಆಲ್ ಅಂತ, ಕೀ ಅನ್ನೋ ಕಡೆ ನಲ್ ಅಂತ, ರೋಸ್ ಅನ್ನೋ ಕಡೆ ಹತ್ತತ್ರ 9 ಲಕ್ಷ ಅಂತ ಬರತ್ತೆ. ಅಂದ್ರೆ ಒಂದು ರೇಟ್ ತರೋಕೆ ಇಡೀ ಟೇಬಲ್ ಓದ್ತಿದೆ, ಇಪ್ಪತ್ತು ರೇಟಿಗೆ ಇಪ್ಪತ್ತು ಸಲ ಓದ್ತಿದೆ. ಒಂದ್ಸಲಕ್ಕೆ ಸೆಕೆಂಡಿನ ಮೂರ್ನೇ ಒಂದು ಭಾಗ ಅಂದ್ಕೊಂಡ್ರೂ ನಿಮ್ಮ ಆರು ಸೆಕೆಂಡ್ ಲೆಕ್ಕ ಸಿಕ್ತಲ್ಲ.

ಈಗ ಮಾರ್ಕೆಟ್, ಬಗೆ, ದಿನಾಂಕ ಈ ಮೂರನ್ನೂ ಸೇರ್ಸಿ ಒಂದೇ ಇಂಡೆಕ್ಸ್ ಮಾಡಿ, ಇದೇ ಆರ್ಡರ್‌ನಲ್ಲೇ ಮಾಡಿ. ದಿನಾಂಕ ಮೊದ್ಲು ಬಂದ್ರೆ ಈ ಕ್ವೆರಿಗೆ ಇಷ್ಟು ಉಪಯೋಗ ಆಗಲ್ಲ, ಇಂಡೆಕ್ಸನ್ನ ಎಡಗಡೆಯಿಂದ್ಲೇ ಓದ್ಕೊಂಡು ಬರೋದು. ಮಾಡಿದ್ಮೇಲೆ ಮತ್ತೆ ಎಕ್ಸ್‌ಪ್ಲೇನ್ ಹಾಕಿ ನೋಡಿ, ಕೀ ಕಾಲಂನಲ್ಲಿ ಇಂಡೆಕ್ಸ್ ಹೆಸ್ರು ಬರತ್ತೆ, ಫೈಲ್‌ಸಾರ್ಟ್ (ಸಾರ್ಟ್ ಮಾಡೋ ಹೆಚ್ಚುವರಿ ಕೆಲ್ಸ) ಅನ್ನೋದು ಮಾಯ ಆಗತ್ತೆ. ರೋಸ್ ಕಡೆ ಇನ್ನೂ ಕೆಲವು ಸಾವಿರ ಅಂತ ತೋರ್ಸಿದ್ರೆ ಗಾಬರಿ ಆಗ್ಬೇಡಿ, ಅದು ಬರೀ ಅಂದಾಜು, ಮೊದಲ್ನೇದು ಸಿಕ್ಕ ತಕ್ಷಣ ನಿಲ್ಲಿಸ್ಬಿಡತ್ತೆ. ಮೈಎಸ್‌ಕ್ಯೂಎಲ್ 8.0.18ರಿಂದ ಈಚೆಗೆ ಎಕ್ಸ್‌ಪ್ಲೇನ್ ಅನಲೈಸ್ ಅಂತ ಇದೆ, ಅದು ಕ್ವೆರೀನ ನಿಜವಾಗ್ಲೂ ಓಡ್ಸಿ ಎಷ್ಟು ರೋ ಓದ್ತು, ಎಷ್ಟು ಹೊತ್ತು ಹಿಡೀತು ಅಂತ ಹೇಳತ್ತೆ, ಅದ್ರಲ್ಲಿ ನೋಡಿ. ನನ್ನ ಅಂದಾಜಿನ ಪ್ರಕಾರ ಇಪ್ಪತ್ತು ಕ್ವೆರಿನೂ ಸೇರಿ ಕೆಲವೇ ಮಿಲಿಸೆಕೆಂಡಲ್ಲಿ ಮುಗ್ದು ಹೋಗತ್ತೆ. ಆಮೇಲೆ ಮುಖಪುಟಕ್ಕೆ ಕ್ಯಾಶ್ ಬೇಕು ಅಂತ ನಿಮಗೇ ಅನ್ಸಲ್ಲ.

ಇನ್ನೊಂದು ವಿಷ್ಯ, ಡೇಟಾಬೇಸ್ ಒಳಗೇ ಒಂದು ಕ್ಯಾಶ್ ಇರತ್ತೆ. ಇನ್ನೋಡಿಬಿ ಬಫರ್ ಪೂಲ್ ಅಂತಾರೆ, ಡಿಸ್ಕಿಂದ ಓದಿದ ಪುಟಗಳನ್ನ ಮೆಮೊರೀಲಿ ಇಟ್ಕೊಳ್ಳತ್ತೆ, ಡೇಟಾ ಬದಲಾದ್ರೆ ಅದೂ ಬದಲಾಗತ್ತೆ, ಹಳೇದನ್ನ ತೋರ್ಸೋ ಪ್ರಶ್ನೆನೇ ಇಲ್ಲ. ಅದ್ರ ಡೀಫಾಲ್ಟ್ ಬರೀ 128 ಎಂಬಿ. ನಿಮ್ಮ ಸರ್ವರ್‌ನಲ್ಲಿ 4 ಜಿಬಿ ರ‍್ಯಾಮ್ ಇದ್ದು ಈ ನಂಬರ್ ಹಾಗೇ ಬಿಟ್ಟಿದ್ರೆ, ರೆಡಿಸ್‌ಗೆ ಮೆಮೊರಿ ಕೊಡೋ ಮುಂಚೆ ಇದಕ್ಕೆ ಕೊಡಿ.

ಹಂಗಾದ್ರೆ ನಿಮ್ಮ ಸೈಟ್‌ನಲ್ಲಿ ಕ್ಯಾಶ್ ಮಾಡೋ ಅಂಥದ್ದು ಏನೂ ಇಲ್ವಾ ಅಂದ್ರೆ, ಇದೆ. ಐದು ವರ್ಷದ ಚಾರ್ಟ್ ಇದ್ಯಲ್ಲ, ತಿಂಗಳು ತಿಂಗಳಿನ ಸರಾಸರಿ ತೋರ್ಸೋದು, ಅದು. ಅದಕ್ಕೆ ಎಂಥ ಇಂಡೆಕ್ಸ್ ಕೊಟ್ರೂ ಸಾವಿರಾರು ರೋ ಓದಿ ಕೂಡ್ಲೇಬೇಕು, ಬೇರೆ ದಾರಿ ಇಲ್ಲ. ಎಲ್ಲರೂ ಅದನ್ನೇ ನೋಡ್ತಾರೆ, ಮತ್ತೆ ಅದು ಬದಲಾಗೋದು ಹೆಚ್ಚಂದ್ರೆ ದಿನಕ್ಕೊಂದ್ಸಲ. ಲೆಕ್ಕ ಹಾಕೋದು ಕಷ್ಟ, ಕೇಳೋರು ಜಾಸ್ತಿ, ಬದಲಾಗೋದು ಅಪರೂಪ, ಈ ಮೂರೂ ಒಟ್ಟಿಗೆ ಬಂದ್ರೆ ಧೈರ್ಯವಾಗಿ ಕ್ಯಾಶ್ ಮಾಡಿ. ಅದ್ರಲ್ಲೂ ಸ್ವಲ್ಪ ಯೋಚ್ನೆ ಮಾಡಿದ್ರೆ ಹೋದ ವರ್ಷದ ಜನವರಿ ಸರಾಸರಿ ಇನ್ಯಾವತ್ತೂ ಬದಲಾಗಲ್ಲ, ಬದಲಾಗೋದು ಈ ತಿಂಗಳದ್ದು ಒಂದೇ. ಹಾಗಾಗಿ ಮುಗಿದ ತಿಂಗಳುಗಳ ಸರಾಸರೀನ ಒಂದು ಬೇರೆ ಟೇಬಲ್‌ನಲ್ಲೇ ಬರೆದಿಟ್ಟು, ಈ ತಿಂಗಳದ್ದನ್ನ ಮಾತ್ರ ಆಗ ಆಗ ಲೆಕ್ಕ ಹಾಕಿದ್ರೆ ರೆಡಿಸೂ ಬೇಡ ಏನೂ ಬೇಡ. ನಾನಾಗಿದ್ರೆ ಅದನ್ನೇ ಮಾಡ್ತಿದ್ದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸೋರಿಗೆ ಇದೇ ಕೆಲ್ಸಕ್ಕೆ ಮಟೀರಿಯಲೈಸ್ಡ್ ವ್ಯೂ (ಕ್ವೆರಿಯ ಉತ್ತರಾನ ಟೇಬಲ್ ಥರ ಉಳಿಸಿಡೋದು) ಇದೆ, 2013ರ 9.3 ವರ್ಷನ್ನಿಂದ.

ಇದಕ್ಕೆ ಉಲ್ಟಾ ನಿಮ್ಮ ಹುಡುಕಾಟದ ಪುಟ. ಒಬ್ರು ಸಾಗರದ ಚಾಲಿ 12ನೇ ತಾರೀಖಿಂದ 19ರ ತನಕ ಅಂತ ಕೇಳ್ತಾರೆ, ಇನ್ನೊಬ್ರು ಯಲ್ಲಾಪುರದ ಬೆಟ್ಟೆ ಅಂತಾರೆ, ಒಂದೇ ಪ್ರಶ್ನೆ ಎರಡ್ನೇ ಸಲ ಬರೋದೇ ಕಮ್ಮಿ. ಇಲ್ಲಿ ಒಂದು ಲೆಕ್ಕ ನೋಡಿ. ಕ್ವೆರಿಗೆ 200 ಮಿಲಿಸೆಕೆಂಡ್, ಕ್ಯಾಶ್ ನೋಡೋಕೆ 1 ಮಿಲಿಸೆಕೆಂಡ್ ಅಂತಿಟ್ಕೊಳಿ. ನೂರಕ್ಕೆ ತೊಂಬತ್ತು ಸಲ ಕ್ಯಾಶಲ್ಲೇ ಸಿಕ್ಕಿದ್ರೆ ಸರಾಸರಿ 21 ಮಿಲಿಸೆಕೆಂಡಿಗೆ ಬರತ್ತೆ, ಭರ್ಜರಿ ಲಾಭ. ನೂರಕ್ಕೆ ಹತ್ತೇ ಸಲ ಸಿಕ್ಕಿದ್ರೆ ಸರಾಸರಿ 181, ಅಂದ್ರೆ ಕೋಡ್ ಬರ್ದು, ಮೆಮೊರಿ ಸುರ್ದು, ಹಳೇ ಡೇಟಾ ರಿಸ್ಕ್ ತಲೆ ಮೇಲೆ ಎಳ್ಕೊಂಡು ಉಳ್ಸಿದ್ದು ಇಷ್ಟೇ. ಇನ್ನು ಕ್ವೆರಿನೇ 3 ಮಿಲಿಸೆಕೆಂಡಿಂದು, ಅರ್ಧ ಸಲ ಕ್ಯಾಶಲ್ಲಿ ಸಿಗತ್ತೆ ಅಂದ್ರೆ ಉಳಿಯೋದು ಅರ್ಧ ಮಿಲಿಸೆಕೆಂಡ್. ಅದಕ್ಕೋಸ್ಕರ ಯಾರೂ ಕೈ ಹಾಕ್ಬಾರ್ದು.

ಆದ್ರೆ ಸ್ಪೀಡ್ ಲೆಕ್ಕ ಅರ್ಧ ಮಾತ್ರ. ಪ್ರತಿಯೊಂದು ಕ್ವೆರಿ ಮುಂದೆ ಕೂತು ಕೇಳ್ಬೇಕಾದ ಪ್ರಶ್ನೆ ಏನಂದ್ರೆ, ಈ ಉತ್ತರ ಎಷ್ಟು ಹೊತ್ತು ತಪ್ಪಾಗಿದ್ರೆ ನಡಿಯತ್ತೆ, ತಪ್ಪಾದ್ರೆ ನಷ್ಟ ಯಾರಿಗೆ. ಐದು ವರ್ಷದ ಚಾರ್ಟು ಅರ್ಧ ದಿನ ಹಿಂದಿದ್ರೂ ಯಾರಿಗೂ ತೊಂದ್ರೆ ಇಲ್ಲ. ಇವತ್ತಿನ ರೇಟು ಒಂದು ನಿಮಿಷ ಹಿಂದಿದ್ರೆ ಸರಿ, ಒಂದು ಗಂಟೆ ಹಿಂದಿದ್ರೆ ಸರಿಯಲ್ಲ. ಈ ನಿರ್ಧಾರ ಪ್ರೋಗ್ರಾಮರ್ ಒಬ್ನೇ ಕೂತು ಮಾಡೋದಲ್ಲ, ಸೈಟ್ ಬಳಸೋರನ್ನ ಕೇಳಿ ಮಾಡೋದು. ಎಲ್ಲಾ ಕ್ವೆರಿಗೂ ಒಂದೇ ಒಂದು ಗಂಟೆ ಅಂತ ಹಾಕೋದಂದ್ರೆ ಈ ಪ್ರಶ್ನೆನ ಕೇಳ್ದೇ ಬಿಟ್ಟ ಹಾಗೆ.

ಮುಂದೊಂದಿನ ಇವತ್ತಿನ ರೇಟನ್ನೂ ಕ್ಯಾಶ್ ಮಾಡೋ ಪರಿಸ್ಥಿತಿ ಬಂದ್ರೆ, ರೇಟ್ ಅಪ್‌ಡೇಟ್ ಆದಾಗ ಕ್ಯಾಶಲ್ಲಿರೋ ಹಳೇದನ್ನ ಅಳಿಸ್ಬೇಕು. ಇದನ್ನ ಟ್ರಾನ್ಸಾಕ್ಷನ್ ಕಮಿಟ್ ಆದ್ಮೇಲೆ, ಅಂದ್ರೆ ಹೊಸ ರೇಟ್ ಡೇಟಾಬೇಸಲ್ಲಿ ಖಾಯಂ ಆದ್ಮೇಲೆ ಮಾಡಿ, ಮುಂಚೆ ಅಲ್ಲ. ಮುಂಚೆನೇ ಅಳಿಸಿದ್ರೆ ಏನಾಗತ್ತೆ ನೋಡಿ: ನೀವು ಕ್ಯಾಶ್ ಅಳಿಸಿದ್ರಿ, ಕಮಿಟ್ ಇನ್ನೂ ಆಗಿಲ್ಲ, ಅಷ್ಟರಲ್ಲಿ ಯಾರೋ ಪೇಜ್ ತೆಗೆದ್ರು, ಕ್ಯಾಶ್ ಖಾಲಿ ಇದೆ, ಡೇಟಾಬೇಸಿಗೆ ಹೋದ್ರೆ ಅಲ್ಲಿ ಇನ್ನೂ ನಿನ್ನೆ ರೇಟೇ ಇದೆ, ಅದನ್ನ ತಂದು ಕ್ಯಾಶಲ್ಲಿ ಇಟ್ರು, ಆಮೇಲೆ ನಿಮ್ಮ ಕಮಿಟ್ ಆಯ್ತು. ಈಗ ಡೇಟಾಬೇಸಲ್ಲಿ ಇವತ್ತಿನ ರೇಟು, ಕ್ಯಾಶಲ್ಲಿ ನಿನ್ನೇದು, ಅದನ್ನ ಅಳಿಸೋಕೆ ಇನ್ಯಾರೂ ಬರಲ್ಲ. ಕಮಿಟ್ ಆದ್ಮೇಲೆ ಅಳಿಸಿದ್ರೂ ಒಂದು ಸಣ್ಣ ಸಂದಿ ಉಳ್ಕೊಳ್ಳತ್ತೆ, ಅದಕ್ಕೇ ಎಷ್ಟೇ ಚೆನ್ನಾಗಿ ಅಳಿಸೋ ಕೋಡ್ ಬರ್ದಿದ್ರೂ ಟಿಟಿಎಲ್ (ಎಷ್ಟು ಹೊತ್ತಾದ್ಮೇಲೆ ತಾನಾಗೇ ಅಳಿದು ಹೋಗ್ಬೇಕು ಅನ್ನೋ ಗಡುವು) ಇಲ್ದೇ ಏನನ್ನೂ ಕ್ಯಾಶಲ್ಲಿ ಇಡ್ಬೇಡಿ.

ಪ್ರಶ್ನೆ, ಹುಬ್ಬಳ್ಳಿಯಿಂದ: ನಮಸ್ಕಾರ್ರಿ. ನಮ್ಮ ಕಾಲೇಜಿನ ರಿಸಲ್ಟ್ ಸೈಟ್ ನಾನ ನೋಡ್ಕೋತೀನಿ. ರಿಸಲ್ಟ್ ಬಿಡೂ ದಿನಾ ಹತ್ತ ಗಂಟೆಕ್ಕ ಎಲ್ಲಾರೂ ಒಮ್ಮೆಲೆ ಬರ್ತಾರ. ಕ್ಯಾಶ್ ಐತ್ರಿ, ಹತ್ತ ನಿಮಿಷದ್ದು ಹಾಕೀನಿ, ಆದ್ರೂ ಹತ್ತ ನಿಮಿಷಕ್ಕೊಮ್ಮೆ ಸರ್ವರ್ ಮಲಗಿ ಬಿಡತೈತಿ. ಯಾಕಂತ ತಿಳೀವಲ್ದು.

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಇದೆ, ಹತ್ತು ನಿಮಿಷಕ್ಕೆ ಕ್ಯಾಶ್ ಮುಗಿಯತ್ತೆ, ಹತ್ತು ನಿಮಿಷಕ್ಕೇ ಸರ್ವರ್ ಬೀಳತ್ತೆ. ವಿಭಾಗವಾರು ಪಟ್ಟಿ ಒಂದೇ ಕೀ (ಕ್ಯಾಶಲ್ಲಿ ಅದನ್ನ ಹುಡುಕೋ ಹೆಸ್ರು) ಕೆಳಗೆ ಇದೆ ಅನ್ಕೋತೀನಿ. ಅದು ಎಕ್ಸ್‌ಪೈರ್ ಆದ ಕ್ಷಣದಲ್ಲಿ ಐನೂರು ಜನ ರಿಫ್ರೆಶ್ ಹೊಡೀತಿದ್ರೆ ಐನೂರು ಜನಕ್ಕೂ ಕ್ಯಾಶ್ ಖಾಲಿ ಕಾಣತ್ತೆ, ಐನೂರೂ ರಿಕ್ವೆಸ್ಟು ಒಂದೇ ಭಾರಿ ಕ್ವೆರೀನ ಒಟ್ಟಿಗೆ ಡೇಟಾಬೇಸ್ ಮೇಲೆ ಹಾಕ್ತವೆ. ಇದಕ್ಕೆ ಸ್ಟ್ಯಾಂಪೀಡ್ ಅಂತಾರೆ.

ದೊಡ್ಡೋರಿಗೂ ಇದು ಹೊಡ್ದಿದೆ. 2010ರ ಸೆಪ್ಟೆಂಬರ್ 23ಕ್ಕೆ ಫೇಸ್‌ಬುಕ್ ಹತ್ತತ್ರ ಎರಡೂವರೆ ಗಂಟೆ ಬಿದ್ದು ಹೋಗಿತ್ತು, ಆಮೇಲೆ ಅವರೇ ಕಾರಣ ಬರೆದ್ರು. ಒಂದು ಕಾನ್ಫಿಗರೇಷನ್ ವ್ಯಾಲ್ಯೂ ತಪ್ಪಾಗಿ ಸೇವ್ ಆಗಿತ್ತು. ಕ್ಯಾಶಲ್ಲಿರೋದು ಸರಿ ಇಲ್ಲ ಅಂತ ಕಂಡ ಪ್ರತಿ ಕ್ಲೈಂಟೂ ಸರಿ ಮಾಡೋಕೆ ಅಂತ ಡೇಟಾಬೇಸಿಗೆ ಓಡ್ತು, ಸೆಕೆಂಡಿಗೆ ಲಕ್ಷಗಟ್ಲೆ ಕ್ವೆರಿ ಬಿದ್ದು ಡೇಟಾಬೇಸ್ ಎರರ್ ಕೊಡೋಕೆ ಶುರು ಮಾಡ್ತು. ಎರರ್ ಬಂದ್ರೂ ವ್ಯಾಲ್ಯೂ ಸರಿ ಇಲ್ಲ ಅಂತಲೇ ಅರ್ಥ ಮಾಡ್ಕೊಂಡು ಕ್ಯಾಶಿನ ಕೀನ ಅಳಿಸ್ತಿದ್ವು, ಅಳಿಸಿದ್ದಕ್ಕೆ ಇನ್ನೂ ಕ್ವೆರಿ. ಮೂಲ ತಪ್ಪನ್ನ ಸರಿ ಮಾಡಿದ್ಮೇಲೂ ಈ ಸುತ್ತು ನಿಲ್ಲಲಿಲ್ಲ, ಕೊನೆಗೆ ಆ ಡೇಟಾಬೇಸ್ ಕಡೆ ಹೋಗೋ ಟ್ರಾಫಿಕ್ಕನ್ನೇ ಪೂರ್ತಿ ನಿಲ್ಲಿಸಿ, ಅಂದ್ರೆ ಸೈಟನ್ನೇ ಬಂದ್ ಮಾಡಿ, ಆಮೇಲೆ ನಿಧಾನಕ್ಕೆ ಜನರನ್ನ ಒಳಗೆ ಬಿಟ್ರು. ಡೇಟಾಬೇಸ್ ಎರರ್ ಕೊಟ್ಟಾಗ ಕ್ಯಾಶಲ್ಲಿರೋ ಹಳೇದನ್ನ ಅಳಿಸ್ಬೇಡಿ, ಅದನ್ನೇ ತೋರ್ಸಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ಮದ್ದು ಏನು ಅಂದ್ರೆ, ಒಬ್ರು ಮಾತ್ರ ಲೆಕ್ಕ ಹಾಕ್ಬೇಕು, ಉಳಿದೋರು ಹಳೇದನ್ನ ನೋಡ್ಬೇಕು. ಫೇಸ್‌ಬುಕ್‌ನವರು 2013ರಲ್ಲಿ ಬರೆದ ಪೇಪರ್‌ನಲ್ಲಿ ಇದನ್ನ ಲೀಸ್ ಅಂತ ಕರ್ದಿದಾರೆ. ಕ್ಯಾಶ್ ಖಾಲಿ ಇದ್ದಾಗ ಕ್ಯಾಶ್ ಸರ್ವರ್ರೇ ಒಂದು ಟೋಕನ್ ಕೊಡತ್ತೆ, ಒಂದು ಕೀಗೆ 10 ಸೆಕೆಂಡಿಗೆ ಒಂದೇ ಟೋಕನ್, ಸಿಕ್ಕಿದೋರು ಡೇಟಾಬೇಸಿಗೆ ಹೋಗ್ಬಹುದು, ಸಿಗದೋರು ಒಂಚೂರು ಕಾದು ಮತ್ತೆ ಕೇಳ್ಬೇಕು. ಹೀಗೆ ಮುಗಿಬೀಳೋ ಕೀಗಳ ಮೇಲೆ ಅಳೆದು ನೋಡ್ದಾಗ ಡೇಟಾಬೇಸ್ ಮೇಲಿನ ಪೀಕ್ ಲೋಡ್ ಸೆಕೆಂಡಿಗೆ 17 ಸಾವಿರ ಕ್ವೆರಿಯಿಂದ 1,300ಕ್ಕೆ ಇಳೀತು. ನಿಮಗೆ ಅಷ್ಟೆಲ್ಲ ಬೇಡ, ನಿಮ್ಮ ಫ್ರೇಮ್‌ವರ್ಕಿನ ಕ್ಯಾಶ್ ಲಾಕ್ (ಒಂದ್ಸಲಕ್ಕೆ ಒಬ್ರನ್ನೇ ಒಳಗೆ ಬಿಡೋದು) ಇದ್ರೆ ಅದನ್ನ ಬಳಸಿ. ಹಲವು ಕೀಗಳಿದ್ರೆ ಎಲ್ಲದಕ್ಕೂ ಸರಿಯಾಗಿ ಹತ್ತೇ ನಿಮಿಷ ಅಂತ ಕೊಡ್ಬೇಡಿ, ಒಂದಕ್ಕೆ ಒಂಬತ್ತೂಕಾಲು, ಇನ್ನೊಂದಕ್ಕೆ ಹತ್ತೂವರೆ ಹೀಗೆ ರ‍್ಯಾಂಡಮ್ಮಾಗಿ ಸ್ವಲ್ಪ ಆಚೀಚೆ ಮಾಡಿ, ಎಲ್ಲಾ ಒಟ್ಟಿಗೆ ಎಕ್ಸ್‌ಪೈರ್ ಆಗಲ್ಲ.

ಆದ್ರೆ ನಿಮ್ಮ ಕೇಸಲ್ಲಿ ನಂಗೆ ಇನ್ನೊಂದು ಅನ್ಸತ್ತೆ. ರಿಸಲ್ಟ್ ಒಂದ್ಸಲ ಬಿಟ್ಮೇಲೆ ಬದಲಾಗೋದೇ ಇಲ್ಲ, ರೀವ್ಯಾಲ್ಯುಯೇಷನ್ ಮುಗಿಯೋ ತನಕ. ಹಾಗಿದ್ಮೇಲೆ ಹತ್ತು ನಿಮಿಷ ಯಾಕೆ? ಬೆಳಿಗ್ಗೆ ಆರಕ್ಕೇ ಒಂದು ಸ್ಕ್ರಿಪ್ಟ್ ಓಡ್ಸಿ, ಒಂದೊಂದು ರೋಲ್ ನಂಬರಿಗೂ ಒಂದೊಂದು ಫೈಲ್ ಮಾಡಿ ರೆಡಿ ಇಟ್ಕೊಂಡು, ಹತ್ತು ಗಂಟೆಗೆ ಆ ಫೋಲ್ಡರನ್ನ ಎಂಜಿನ್‌ಎಕ್ಸ್ ವೆಬ್ ಸರ್ವರ್ ಕೈಲಿ ಕೊಟ್ಬಿಡಿ. ಆ ದಿನ ಡೇಟಾಬೇಸ್ ಆಫ್ ಆಗಿದ್ರೂ ಮಕ್ಕಳಿಗೆ ರಿಸಲ್ಟ್ ಸಿಗತ್ತೆ. ಫೈಲ್ ಹೆಸ್ರು ಬರೀ ರೋಲ್ ನಂಬರ್ ಆಗದ ಹಾಗೆ, ಹುಟ್ಟಿದ ತಾರೀಖಿನ ಜೊತೆ ಒಂದು ಗುಟ್ಟಿನ ಕೀನೂ ಸೇರ್ಸಿ ಹ್ಯಾಶ್ ಮಾಡಿದ (ಊಹಿಸೋಕಾಗದ ಅಕ್ಷರಗಳಾಗಿ ಬದಲಾಯಿಸಿದ) ಹೆಸ್ರು ಕೊಡಿ, ಇಲ್ಲಾಂದ್ರೆ ನಂಬರ್ ಬದಲಾಯಿಸ್ತಾ ಹೋದೋರಿಗೆ ಇಡೀ ಕ್ಲಾಸಿಂದು ಕಾಣತ್ತೆ. ಹುಡುಗ್ರು ತಾರೀಖು ಹಾಕಿದ್ಮೇಲೆ ಆ ಹೆಸ್ರನ್ನ ಸರ್ವರ್ ಕಡೆಯ ಒಂದು ಪುಟ್ಟ ಸ್ಕ್ರಿಪ್ಟೇ ಲೆಕ್ಕ ಹಾಕಿ ಕಳ್ಸತ್ತೆ, ಅದಕ್ಕೆ ಡೇಟಾಬೇಸ್ ಬೇಕಾಗಿಲ್ಲ.

ಪ್ರಶ್ನೆ, ಉಡುಪಿಯಿಂದ: ನಮ್ಮ ನಾಟಕ ಸಂಘಕ್ಕೆ ಟಿಕೆಟ್ ಬುಕಿಂಗ್ ಸೈಟ್ ಮಾಡಿದ್ದೇನೆ. ಸೀಟಿನ ನಕ್ಷೆ 30 ಸೆಕೆಂಡ್ ಕ್ಯಾಶ್ ಉಂಟು. ಪೇಜಲ್ಲಿ ಸೀಟು ಉಂಟು ಅಂತ ತೋರಿಸ್ತದೆ, ಒಂದೇ ಸೀಟು ಇಬ್ಬರಿಗೆ ಹೋದದ್ದೂ ಉಂಟು. ಕ್ಯಾಶ್ ತೆಗೆದುಬಿಡ್ಬೇಕಾ?

ಉತ್ತರ: ನಕ್ಷೆ ತೋರ್ಸೋಕೆ ಕ್ಯಾಶ್ ಇರ್ಲಿ, 30ನ್ನ 5ಕ್ಕೆ ಇಳ್ಸಿ. ಸೆಕೆಂಡಿಗೆ ಐವತ್ತು ಜನ ನೋಡ್ತಿದ್ರೆ ಐದು ಸೆಕೆಂಡಲ್ಲಿ 250 ಕ್ವೆರಿ ಆಗ್ಬೇಕಿದ್ದ ಕಡೆ ಒಂದೇ ಆಗತ್ತೆ, ಇಷ್ಟು ಸಣ್ಣ ಟಿಟಿಎಲ್‌ಗೂ ಇಷ್ಟು ಶಕ್ತಿ ಇದೆ. ಆದ್ರೆ ಸೀಟ್ ಇಬ್ಬರಿಗೆ ಹೋಗಿದ್ದು ಕ್ಯಾಶ್ ಇರೋದಕ್ಕಲ್ಲ, ಬುಕ್ ಮಾಡೋ ಕೋಡು ಕ್ಯಾಶನ್ನ ನಂಬಿದ್ದಕ್ಕೆ. ದುಡ್ಡು, ಸೀಟು, ಸ್ಟಾಕು ಇವುಗಳ ಬಗ್ಗೆ ನಿರ್ಧಾರ ತಗೊಳ್ಳೋ ಕ್ಷಣದಲ್ಲಿ ಯಾವತ್ತೂ ಡೇಟಾಬೇಸನ್ನೇ ಕೇಳ್ಬೇಕು. ಸೀಟ್ ಖಾಲಿ ಇದ್ಯಾ ಅಂತ ಮೊದ್ಲು ಓದಿ ಆಮೇಲೆ ಬರೆಯೋದು ಬೇಡ, ಒಂದೇ ಅಪ್‌ಡೇಟ್‌ನಲ್ಲಿ ಈ ಸೀಟ್ ನಂಬರ್, ಸ್ಥಿತಿ ಖಾಲಿ ಆಗಿದ್ರೆ ಮಾತ್ರ ಬುಕ್ ಮಾಡು ಅಂತ ಷರತ್ತು ಹಾಕಿ, ಎಷ್ಟು ರೋ ಬದಲಾಯ್ತು ನೋಡಿ. ಒಂದು ಅಂತ ಬಂದ್ರೆ ಸೀಟ್ ನಿಮ್ಮದು, ಸೊನ್ನೆ ಬಂದ್ರೆ ಬೇರೆಯವರು ತಗೊಂಡಾಗಿದೆ. ಪೇಮೆಂಟಿಗೆ ಕಳ್ಸೋ ಮುಂಚೆನೇ ಇದು ಆಗ್ಬೇಕು, ಕೆಲವು ನಿಮಿಷ ಹಿಡಿದಿಟ್ಟು ದುಡ್ಡು ಬರ್ದಿದ್ರೆ ಬಿಟ್ಬಿಡಿ. ಪ್ರದರ್ಶನ ಮತ್ತೆ ಸೀಟ್ ನಂಬರ್ ಮೇಲೆ ಒಂದು ಯೂನಿಕ್ ಇಂಡೆಕ್ಸೂ (ಅದೇ ಜೋಡಿ ಎರಡ್ನೇ ಸಲ ಬರೆಯೋಕೆ ಬಿಡದ್ದು) ಇರ್ಲಿ.

ಪ್ರಶ್ನೆ, ಬೆಂಗಳೂರಿಂದ: ಮೈಎಸ್‌ಕ್ಯೂಎಲ್ 5.7ರಿಂದ 8ಕ್ಕೆ ಹೋದ್ವಿ, ಸರ್ವರ್ ಸ್ಟಾರ್ಟೇ ಆಗ್ತಿಲ್ಲ, ಕ್ವೆರಿ ಕ್ಯಾಶ್ ಸೈಜ್ ಅನ್ನೋ ಸೆಟ್ಟಿಂಗ್ ಗೊತ್ತಿಲ್ಲ ಅಂತಿದೆ. ಆ ಕ್ಯಾಶ್ ತೆಗೆದಿದ್ದು ಯಾಕೆ?

ಉತ್ತರ: ಕಾನ್ಫಿಗ್ ಫೈಲಿಂದ ಕ್ವೆರಿ ಕ್ಯಾಶ್ ಅಂತ ಶುರುವಾಗೋ ಎಲ್ಲಾ ಸಾಲನ್ನೂ ಅಳ್ಸಿ, ಸ್ಟಾರ್ಟ್ ಆಗತ್ತೆ. ಕ್ವೆರಿ ರಿಸಲ್ಟನ್ನ ಮೈಎಸ್‌ಕ್ಯೂಎಲ್ ತಾನೇ ಇಟ್ಕೊಳ್ತಿದ್ದ ಆ ಕ್ಯಾಶನ್ನ 2018ರಲ್ಲಿ ಬಂದ 8.0ರಲ್ಲಿ ಪೂರ್ತಿ ತೆಗೆದ್ರು, ಅದಕ್ಕೆ ಮುಂಚೆ 5.7.20ರಲ್ಲೇ ಎಚ್ಚರಿಕೆ ಕೊಟ್ಟಿದ್ರು. ಕಾರಣ ತಿಳ್ಕೊಂಡ್ರೆ ನಿಮ್ಮ ಸ್ವಂತ ಕ್ಯಾಶಿಗೂ ಉಪಯೋಗ ಆಗತ್ತೆ. ಒಂದು ಟೇಬಲ್‌ನಲ್ಲಿ ಒಂದೇ ಒಂದು ರೋ ಬದಲಾದ್ರೂ ಆ ಟೇಬಲ್ ಬಳಸಿರೋ ಎಲ್ಲಾ ಕ್ವೆರಿಗಳ ರಿಸಲ್ಟನ್ನೂ ಅದು ಎಸೀತಿತ್ತು, ಬೇರೆ ದಾರಿ ಇರ್ಲಿಲ್ಲ, ಯಾವ ರಿಸಲ್ಟಿಗೆ ಯಾವ ರೋ ಬೇಕು ಅಂತ ಅದಕ್ಕೆ ಗೊತ್ತಾಗ್ತಿರ್ಲಿಲ್ಲ. ಅದ್ರ ಜೊತೆ ಇಡೀ ಕ್ಯಾಶಿಗೆ ಒಂದೇ ಲಾಕು, ಹಾಗಾಗಿ ಕೋರ್ ಜಾಸ್ತಿ ಇರೋ ಮಷೀನಲ್ಲಿ ಎಲ್ಲಾ ಥ್ರೆಡ್ಡೂ (ಒಟ್ಟಿಗೆ ಓಡೋ ಕೆಲ್ಸಗಳು) ಆ ಒಂದು ಲಾಕಿಗೆ ಸಾಲು ನಿಲ್ತಿದ್ವು. ಬರೆಯೋದು ಹೆಚ್ಚಿರೋ ಸೈಟಲ್ಲಿ ಕ್ಯಾಶ್ ಆಫ್ ಮಾಡಿದ್ರೇ ಫಾಸ್ಟ್ ಆಗ್ತಿತ್ತು. ಯಾವ ಡೇಟಾ ಯಾವಾಗ ಹಳೇದಾಗತ್ತೆ ಅನ್ನೋದು ಗೊತ್ತಿರೋದು ನಿಮ್ಮ ಅಪ್ಲಿಕೇಷನ್ನಿಗೆ, ಡೇಟಾಬೇಸಿಗಲ್ಲ, ಅದಕ್ಕೇ ಈ ಕೆಲ್ಸ ಮೇಲ್ಗಡೆನೇ ಆಗ್ಬೇಕು.

ಪ್ರಶ್ನೆ, ಮೈಸೂರಿಂದ: ಕ್ವೆರಿ ಬಿಟ್ಟು ಇಡೀ ಪೇಜನ್ನೇ ಕ್ಯಾಶ್ ಮಾಡಿದ್ರೆ ಇನ್ನೂ ಸುಲಭ ಅಲ್ವಾ? ನಮ್ಮದು ಆನ್‌ಲೈನ್ ಅಂಗಡಿ.

ಉತ್ತರ: ಲಾಗಿನ್ ಆಗದೇ ಇರೋರಿಗೆ ತೋರ್ಸೋ ಪೇಜಾದ್ರೆ ಮಾಡಿ. ಲಾಗಿನ್ ಆದೋರ ಹೆಸ್ರು, ವಿಳಾಸ, ಕಾರ್ಟು ಇರೋ ಪೇಜು ಹಂಚಿಕೆ (ಎಲ್ಲರಿಗೂ ಒಂದೇ) ಕ್ಯಾಶಿಗೆ ಹೋಗ್ಲೇಬಾರ್ದು. 2015ರ ಕ್ರಿಸ್‌ಮಸ್ ದಿನ ಸ್ಟೀಮ್ ಅನ್ನೋ ಗೇಮ್ ಅಂಗಡಿ ಮೇಲೆ ದಾಳಿ ಆಯ್ತು, ಲೋಡ್ ತಡೆಯೋಕೆ ಅಂತ ಕ್ಯಾಶಿಂಗ್ ನಿಯಮ ಬದಲಾಯಿಸಿದ್ರು, ಅದ್ರಲ್ಲೊಂದು ತಪ್ಪಾಗಿ ಲಾಗಿನ್ ಆದೋರ ಪೇಜುಗಳನ್ನೂ ಇಟ್ಕೊಂಡು ಬೇರೆಯವರಿಗೆ ಕೊಟ್ಬಿಡ್ತು. ಸುಮಾರು 34 ಸಾವಿರ ಜನರ ಪೇಜು, ಅದ್ರಲ್ಲಿ ಕೆಲವದ್ರಲ್ಲಿ ಬಿಲ್ಲಿಂಗ್ ವಿಳಾಸ, ಇಮೇಲು, ಕಾರ್ಡಿನ ಕೊನೇ ಎರಡಂಕಿ ಎಲ್ಲಾ ಇತ್ತು. ಸ್ಲೋ ಪೇಜಿಗೆ ಜನ ಬೈಕೊಂಡು ಹೋಗ್ತಾರೆ ಅಷ್ಟೇ, ಇಂಥದ್ದಾದ್ರೆ ಮತ್ತೆ ಬರಲ್ಲ. ಕ್ವೆರಿ ಕ್ಯಾಶಲ್ಲೂ ಇದೇ ಅಪಾಯ ಇದೆ: ಕ್ವೆರಿ ಯೂಸರ್ ಮೇಲೆ ಅವಲಂಬಿಸಿದ್ರೆ ಕೀನಲ್ಲಿ ಯೂಸರ್ ಐಡಿ ಇರ್ಲೇಬೇಕು, ಭಾಷೆ ಮೇಲೆ ಅವಲಂಬಿಸಿದ್ರೆ ಭಾಷೆನೂ.

ಪ್ರಶ್ನೆ, ದಾವಣಗೆರೆಯಿಂದ: ರೆಡಿಸ್ ಒಳ್ಳೇದೋ ಮೆಮ್‌ಕ್ಯಾಶ್‌ಡ್ ಒಳ್ಳೇದೋ?

ಉತ್ತರ: ಸರ್ವರ್ ಒಂದೇ ಇದ್ರೆ ಎರಡೂ ಬೇಡ, ಪಿಎಚ್‌ಪಿಯ ಎಪಿಸಿಯು (ಅದೇ ಸರ್ವರ್‌ನ ಮೆಮೊರೀಲಿ ಇಡೋ ಕ್ಯಾಶ್) ಥರದ್ದೇ ಸಾಕು, ನೆಟ್‌ವರ್ಕಿಗೂ ಹೋಗ್ಬೇಕಾಗಿಲ್ಲ. ಎರಡ್ಮೂರು ಸರ್ವರ್ ಆದ್ಮೇಲೆ ಎಲ್ಲಾ ಸರ್ವರ್‌ಗೂ ಒಂದೇ ಆದ ಹಂಚಿಕೆ ಕ್ಯಾಶ್ ಬೇಕಾಗತ್ತೆ, ಇಲ್ಲಾಂದ್ರೆ ಒಂದು ಸರ್ವರ್ ಹಳೇದು ತೋರ್ಸತ್ತೆ, ಇನ್ನೊಂದು ಹೊಸದು. ಮೆಮ್‌ಕ್ಯಾಶ್‌ಡ್ 2003ರಲ್ಲಿ ಲೈವ್‌ಜರ್ನಲ್ ಸೈಟಿಗೋಸ್ಕರ ಬ್ರ್ಯಾಡ್ ಫಿಟ್ಸ್‌ಪ್ಯಾಟ್ರಿಕ್ ಬರೆದಿದ್ದು, ಕೀ ಕೊಟ್ರೆ ವ್ಯಾಲ್ಯೂ ಕೊಡತ್ತೆ, ಆ ಕೆಲ್ಸವನ್ನ ಈಗ್ಲೂ ಚೆನ್ನಾಗಿ ಮಾಡತ್ತೆ. 2009ರ ರೆಡಿಸ್‌ನಲ್ಲಿ ಲಿಸ್ಟು, ಸೆಟ್ಟು, ಕೌಂಟರ್ ಎಲ್ಲಾ ಇರೋದ್ರಿಂದ ಬೇರೆ ಕೆಲಸಕ್ಕೂ ಆಗತ್ತೆ, ನಾನು ಹೆಚ್ಚಾಗಿ ಅದನ್ನೇ ಹೇಳ್ತೀನಿ. 2024ರಲ್ಲಿ ಅದ್ರ ಲೈಸೆನ್ಸ್ ಬದಲಾದಾಗ ಅದ್ರಿಂದಲೇ ಕವಲೊಡೆದು ಹುಟ್ಟಿದ ವಾಲ್ಕಿ ಅನ್ನೋದೂ ಇದೆ, ನಿಮ್ಮ ಕೆಲಸಕ್ಕೆ ಎರಡೂ ಒಂದೇ.

ಯಾವುದೇ ಹಾಕಿ, ರೆಡಿಸ್‌ನಲ್ಲಿ ಮ್ಯಾಕ್ಸ್‌ಮೆಮೊರಿ ಸೆಟ್ ಮಾಡೋದು ಮರೀಬೇಡಿ. ಡೀಫಾಲ್ಟ್‌ನಲ್ಲಿ ಮಿತಿನೇ ಇರಲ್ಲ, ಇರೋ ರ‍್ಯಾಮನ್ನೆಲ್ಲ ತಿನ್ಕೊಂಡು ಹೋಗತ್ತೆ. ಮಿತಿ ಕೊಟ್ಟು ಪಾಲಿಸಿ ಬದಲಾಯಿಸ್ದೇ ಬಿಟ್ರೆ ತುಂಬಿದ್ಮೇಲೆ ಹಳೇದನ್ನ ತೆಗ್ಯಲ್ಲ, ಹೊಸದನ್ನ ಬರೆಯೋಕೆ ಹೋದ್ರೆ ಎರರ್ ಕೊಡತ್ತೆ, ಬರೀ ಕ್ಯಾಶ್ ಆಗಿ ಬಳಸೋದಾದ್ರೆ ಆಲ್‌ಕೀಸ್ ಎಲ್‌ಆರ್‌ಯು ಅಂತ ಹಾಕಿ, ತುಂಬಾ ಹೊತ್ತಿಂದ ಬಳಸದ ಕೀ ಮೊದ್ಲು ಹೋಗತ್ತೆ. ಇಷ್ಟೆಲ್ಲ ಆದ್ಮೇಲೆ ಟೆಸ್ಟ್ ಸರ್ವರ್‌ನಲ್ಲಿ ರೆಡಿಸ್ ಪೂರ್ತಿ ನಿಲ್ಲಿಸಿ ಸೈಟ್ ಓಪನ್ ಮಾಡಿ ನೋಡಿ. ಸ್ವಲ್ಪ ನಿಧಾನ ಆಗಿ ಓಡಿದ್ರೆ ಸರಿ ಇದೆ. ಓಡೋದೇ ಇಲ್ಲ ಅಂದ್ರೆ ಶಿರಸಿಯವರಿಗೆ ಹೇಳಿದ ಎಕ್ಸ್‌ಪ್ಲೇನ್ ಕೆಲ್ಸ ನಿಮ್ಮಲ್ಲಿ ಇನ್ನೂ ಬಾಕಿ ಇದೆ.